ಕಲ್ಬಾದಲ್ಲಿ ಕೋಲು ಹಿಡಿದವನು

ಐದನೇ ಪುಟದ ಮೂಲೆಯಲ್ಲಿ ಬಂದದ್ದು ಇಷ್ಟೇ:
ಮಳೆನೀರಿನ ಕಾಲುವೆಗೆ ನಗರಸಭೆಯ ಒಪ್ಪಿಗೆ,
ಖೋರಿನ ಕಾಂಡ್ಲಕ್ಕೆ ಧಕ್ಕೆಯಿಲ್ಲ.
ಪಕ್ಕದ ಎಸಿ ರಿಪೇರಿ ಜಾಹೀರಾತು ಇದಕ್ಕಿಂತ ದೊಡ್ಡದು.

ಎಲ್ದೋ ತನ್ನ ಮಲಯಾಳಂ ಪೇಪರು ಓದಿ ಹೇಳಿದ.
ಅವನ ಕಂಡಲ್ ನಮ್ಮ ಗಂಗೊಳ್ಳಿಯಲ್ಲಿ ಕಾಂಡ್ಲ,
ಆಫೀಸಿನವರ ಬಾಯಲ್ಲಿ ಕುರ್ಮ್.
ಮರಕ್ಕೆ ಮೂರೂ ಒಂದೇ, ಕಾಲೂರಲು ಉಪ್ಪು ಕೆಸರು ಬೇಕು.

ನನ್ನ ಕೆಲಸ ಕೋಲು ಹಿಡಿಯುವುದು.
ನಾಲ್ಕು ಮೀಟರಿನ ಅಲ್ಯೂಮಿನಿಯಂ ಕೋಲು, ಕೆಂಪು ಕಪ್ಪು ಗೆರೆ.
ದೂರದಲ್ಲಿ ಎಲ್ದೋ ಒಂದು ಕಣ್ಣು ಮುಚ್ಚಿ ಓದುತ್ತಾನೆ,
ಅವನ ಕೈ ಎಡಕ್ಕೆ ಅಂದರೆ ಕೋಲು ಎಡಕ್ಕೆ.
ಹೊಸಬರು ಮೊದಲು ತಡವರಿಸುವುದು ಇಲ್ಲಿ:
ಕೋಲಿನಲ್ಲಿ ಅಂಕೆ ಏರಿದಷ್ಟೂ
ನೆಲ ಇಳಿದಿರುತ್ತದೆ.

ಚರಂಡಿ ವಿಭಾಗದ ಹುಮೈದ್ ನಕ್ಷೆಯ ಮೇಲೆ
ಅಡಿಪಟ್ಟಿ ಇಟ್ಟು ಎಳೆದ ಗೆರೆ
ವಾದಿಯ ಬಾಯಿಂದ ನೇರ ಖೋರಿಗೆ.
"ಬೆಟ್ಟಕ್ಕೆ ಮಣ್ಣಿಲ್ಲ, ಬಿದ್ದದ್ದನ್ನೆಲ್ಲ ಊರ ಮೇಲೆ ಎಸೆಯುತ್ತದೆ.
ಹೋದ ಸಲ ನನ್ನ ಚಿಕ್ಕಮ್ಮನ ಫ್ರಿಜ್ಜು
ಮಸೀದಿ ಮೆಟ್ಟಿಲಿಗೆ ಬಂದು ನಿಂತಿತ್ತು."
ಪರಿಸರದ ಮೌಜಾ ಬೂಟು ಕಳಚಿ ಕೆಸರಿಗಿಳಿದು
ಪೆನ್ಸಿಲಿನಂತೆ ಎದ್ದ ಬೇರೊಂದನ್ನು ತೋರಿಸಿದರು:
"ಇದು ಮೂಗು. ಮೇಲೆ ಎರಡು ಬೆರಳು ಹೂಳು ಕೂತರೆ ಮುಗಿಯಿತು.
ರಸ್ತೆಯ ಡೀಸೆಲು, ಸಿಮೆಂಟು, ಎಲ್ಲ ಇಲ್ಲಿಗೇ ಬರುತ್ತದಲ್ಲ?"
ಇಬ್ಬರ ಮಾತಿಗೂ ನಾನು ತಲೆಯಾಡಿಸಿದೆ.
ಕೋಲು ಅಲುಗಿತು.
ಎಲ್ದೋ ದೂರದಿಂದ ಬೈದ.

ಹನ್ನೊಂದು ಮೀಟಿಂಗು ಆಯಿತಂತೆ, ಚಹಾ ಕೊಡುವವನ ಲೆಕ್ಕ.
ಕೊನೆಗೆ ಗೆರೆ ಸೊಂಟ ತಿರುಗಿಸಿತು.
ನಡುವೆ ಹೂಳು ತಂಗುವ ಹೊಂಡ,
ತುದಿಗೆ ಇಳಿತ ಬಂದಾಗ ಮಾತ್ರ ತೆರೆಯುವ ಗೇಟು.
ಇಳಿತ ಬರುವ ತನಕ ನೀರು ಎಲ್ಲಿ ನಿಲ್ಲಬೇಕು
ಅಂತ ಯಾರೂ ಕೇಳಲಿಲ್ಲ ಅಂದರೆ ಸುಳ್ಳಾಗುತ್ತದೆ.
ಕೇಳಿದ್ದರು. ನಕ್ಷೆಯಲ್ಲಿ
ಐಸ್ ಫ್ಯಾಕ್ಟರಿಯ ಹಿಂದೆ ನೀಲಿ ಗೀಟು,
ಮೇಲೆ ಬರೆದಿದೆ: ಖಾಲಿ ಜಾಗ.

ಖಾಲಿ ಜಾಗದಲ್ಲಿ ನಾವು ಹದಿನಾಲ್ಕು ಮಂದಿ.

ಅವತ್ತು ಸಂಜೆ, ಮುಕ್ಕಾಲಿ ಮಡಿಸುವ ಮುಂಚೆ
ಎಲ್ದೋನಿಗೆ ಅಂದೆ, ಇನ್ನೊಂದು ಓದು ಮಾರಾಯ, ಲೆಕ್ಕಕ್ಕಲ್ಲ.
ನಮ್ಮ ಕೋಣೆಯ ಹೊಸ್ತಿಲ ಮೇಲೆ ಕೋಲು ನಿಲ್ಲಿಸಿದೆ.
ಅವನು ಓದಿದ. ನೆಟ್ಟಗೆ ಹಿಡಿ ಅಂದ. ಮತ್ತೆ ಓದಿದ.
ತುಂಬಿದ ಉಬ್ಬರಕ್ಕಿಂತ ನಾಲ್ಕು ಬೆರಳು ಮೇಲೆ,
ಅಷ್ಟೇ.
ಗುಲ್‌ಜಮಾನ್ ಅದನ್ನು ಬಾಗಿಲ ಒಳಮೈಗೆ ಬರೆದ,
ಅಕ್ಕಿ ಸಾಲದ ಲೆಕ್ಕದ ಕೆಳಗೆ.

ಮೌಜಾ ಮೇಡಂಗೆ ನನ್ನ ಹರಕು ಅರಬ್ಬಿಯಲ್ಲಿ ಹೇಳಿದೆ:
ಖಾಲಿ ಇಲ್ಲ.
ಅವರು ಬಂದರು. ಒಳಗೆ ಕಾಲಿಡಲಿಲ್ಲ,
ಬಾಗಿಲಲ್ಲಿದ್ದ ಚಪ್ಪಲಿ ಎಣಿಸಿದರು,
ಪೆನ್ಸಿಲಿನಲ್ಲಿ ಏನೋ ಬರೆದುಕೊಂಡರು.
ಗೇಟು ಕೂರಿಸಿದ್ದು ಅದಾಗಿ ಮೂರು ತಿಂಗಳಿಗೆ.

ಡಿಸೆಂಬರಿನಲ್ಲಿ ವಾದಿ ಬಂತು,
ಕೆಸರು, ತಗಡು, ಯಾರದೋ ಮೇಕೆಯ ಗೂಟ ಎಲ್ಲ ಹೊತ್ತು.
ಹೊಸ ಕಾಲುವೆಯಲ್ಲಿ ಹೇಳಿದ ಹಾಗೆ ಬಾಗಿತು,
ಹೊಂಡದಲ್ಲಿ ಹೇಳಿದ ಹಾಗೆ ನಿಂತಿತು,
ಆಮೇಲೆ ನಮ್ಮ ಓಣಿಗೆ ತಿರುಗಿತು.
ಮಂಚಗಳ ಕಾಲಿಗೆ ಇಟ್ಟಿಗೆ ಇಟ್ಟೆವು.
ರಾತ್ರಿ ಎರಡಕ್ಕೆ ಕೋಲು ತೆಗೆದುಕೊಂಡು ಹೊರಟೆ,
ಮೊಣಕಾಲು ನೀರಿನಲ್ಲಿ ನೆಟ್ಟಗೆ ಹಿಡಿದು ನಿಂತೆ.
ಆ ತುದಿಯಲ್ಲಿ ಓದುವವರು ಯಾರೂ ಇಲ್ಲ.
ಟಾರ್ಚು ಹಲ್ಲಲ್ಲಿ ಕಚ್ಚಿ ಬಗ್ಗಿ ನಾನೇ ಓದಿದೆ,
ಬಾಗಿಲ ಲೆಕ್ಕಕ್ಕೆ ಹಿಡಿದು ನೋಡಿದೆ:
ಹೊಸ್ತಿಲಿಗೆ ಇನ್ನು ಎರಡು ಬೆರಳು.

ಖೋರಿನ ಕಡೆ ಬಿಳಿ ಕೊರಳಿನ ಮಿಂಚುಳ್ಳಿ
ಬೆಚ್ಚಿ ಒಂದು ಸಲ ಕೂಗಿತು.
ಒಳಗಿನಿಂದ ಗುಲ್‌ಜಮಾನ್ ಕೇಳಿದ, ಎಷ್ಟು?
ತಾಳು ಅಂದೆ,
ಇಳಿತ ನಾಲ್ಕೂವರೆಗೆ.